ಚಪ್ಪರದ ಕೆಳಗೆ ಆಡದ ಮಾತು

ನಮ್ಮ ಮನೆಯಲ್ಲಿ ‘ಸುಡುಗಾಡು’ ಎಂಬ ಪದ ದಿನಕ್ಕೆ ಹತ್ತು ಸಲವಾದರೂ ಕೇಳಿಸುತ್ತಿತ್ತು. ಸೀಮೆಎಣ್ಣೆ ಸ್ಟವ್ ಹೊತ್ತಿಕೊಳ್ಳದಿದ್ದರೆ ಅದು ಸುಡುಗಾಡು ಸ್ಟವ್, ಬಸ್ಸು ನಿಲ್ಲಿಸದೆ ಹೋದರೆ ಸುಡುಗಾಡು ಬಸ್ಸು. ನನ್ನ ಓದನ್ನೂ ಅಮ್ಮ ಎಷ್ಟೋ ಸಲ ಆ ಸಾಲಿಗೆ ಸೇರಿಸಿದ್ದಾಳೆ. ಆದರೆ ಊರಾಚೆ ಹೊಂಗೆ ಮರಗಳ ಕೆಳಗೆ ನಮ್ಮ ಹಿರಿಯರನ್ನೆಲ್ಲ ಹೂತಿದ್ದ ಜಾಗಕ್ಕೆ ಮಾತ್ರ ಹೆಸರೇ ಇರಲಿಲ್ಲ. ಅದು ‘ಆ ಕಡೆ’. ತೆಲುಗು ಆಡುತ್ತಿದ್ದ ಅಜ್ಜಿಗೆ ‘ಆ ಪಕ್ಕ’. ಯಾರಾದರೂ ತೀರಿಕೊಂಡರೆ ಗಂಡಸರು ‘ಮಣ್ಣಿಗೆ’ ಹೋಗಿ ಬರುತ್ತಿದ್ದರು, ಅಷ್ಟೆ. ಪಾಠದಲ್ಲಿ ಬಂತೆಂದು ನಾನೊಮ್ಮೆ ‘ಸ್ಮಶಾನ’ ಎಂದು ಗಟ್ಟಿಯಾಗಿ ಓದಿದಾಗ ಅಮ್ಮ ಒಲೆ ಬಿಟ್ಟು ಓಡಿಬಂದಳು.

“ಬಿಡ್ತು ಅನ್ನು, ಬಿಡ್ತು ಅನ್ನು! ದೀಪ ಹಚ್ಚೋ ಹೊತ್ನಲ್ಲಿ ಅದೇನೇ ಮಾತು?”

ಬಿಡ್ತು ಅಂದೆ. ಹಾಗಂದರೆ ಕೆಟ್ಟ ಮಾತಿನ ಫಲ ತಟ್ಟುವುದಿಲ್ಲವಂತೆ.

ಹೆಂಗಸರು ಆ ಕಡೆ ಹೋಗುವ ಹಾಗಿರಲಿಲ್ಲ. ಅಲ್ಲಿ ತಾತನ ತಲೆಯ ಹತ್ತಿರ ಒಂದು ಕಲ್ಲು ನೆಟ್ಟಿದ್ದಾರೆಂದು ಅಪ್ಪ ಹೇಳಿ ಗೊತ್ತು. “ನಮ್ಮಪ್ಪನ ಎಡಗಡೆ ಜಾಗ ನಂದು. ಯಾರಿಗೂ ಬಿಟ್ಟುಕೊಡಲ್ಲ” ಎಂದು ಅಪ್ಪ ನಗುತ್ತಲೇ ಹೇಳುತ್ತಿದ್ದ. ಅದು ತಮಾಷೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಂಡಿಕಲ್ ಕಡೆಯ ನಮ್ಮೂರಿನಿಂದ ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಶಿಡ್ಲಘಟ್ಟದವಳು, ಮನೆಯಲ್ಲಿ ರೇಷ್ಮೆ ಬಿಚ್ಚುವ ಕೆಲಸ. ಮನೆಗೆ ಕರೆದಾಗ ಗುರುತು ಹೇಳಿದಳು: “ಖಬರಸ್ತಾನದ ಗೋಡೆ ದಾಟಿದ ಮೇಲೆ ಎರಡನೇ ಮನೆ. ನಮ್ಮ ದಾದಿ ಅಲ್ಲೇ ಅವ್ರೆ.” ಅಜ್ಜಿಯನ್ನು ಹೂತ ಜಾಗವನ್ನು ಅಂಚೆ ಕಚೇರಿಯ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿಬಿಟ್ಟಳು. ಹೋಗಿ ನೋಡಿದರೆ ಗೋಡೆ, ಗೇಟು, ಹೆಸರು ಬರೆದ ಬೋರ್ಡು, ಎಲ್ಲ ಇತ್ತು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವರ ಪದ್ಧತಿ ಅವರಿಗೆ ಎಂದಳು.

ಆ ವರ್ಷವೇ ಅಕ್ಕನ ಮದುವೆ. ಚಪ್ಪರದ ಕಂಬ ನೆಟ್ಟ ಮೇಲೆ ನಮ್ಮ ಕಡೆ ಯಾರೂ ಸಾವಿನ ಸುದ್ದಿ ಎತ್ತುವುದಿಲ್ಲ. ಅಂಥ ಹೊತ್ತಿನಲ್ಲೇ ಸರ್ವೆಯವರೂ ಶ್ಯಾನುಭೋಗರೂ ಊರ ಗೋಮಾಳ ನೋಡಲು ಬಂದರು. ಬಿಸಿಲು ಹೆಚ್ಚಿತ್ತು. ನಮ್ಮ ಚಪ್ಪರದಡಿಯೇ ಕೂತು ಕಾಫಿ ಕುಡಿಯುತ್ತ ಕೇಳಿದರು: “ಆ ಹೊಂಗೆ ಮರ ಇರೋ ಜಾಗ ಊರವರು ಏನಕ್ಕಾದ್ರೂ ಬಳಸ್ತೀರೇನ್ರೀ?”

ಅಪ್ಪ ಮೇಲೆ ಕಟ್ಟಿದ್ದ ಮಾವಿನ ತೋರಣ ನೋಡಿದ. ಊರಿನ ನಾಲ್ಕು ಜನ ಹಿರಿಯರೂ ಅಲ್ಲೇ ಇದ್ದರು, ಒಬ್ಬರೂ ಕೆಮ್ಮಲಿಲ್ಲ.

“ಏನೂ ಇಲ್ಲ ಸ್ವಾಮಿ, ಮರ ಅಷ್ಟೇಯ” ಅಂದ ಅಪ್ಪ.

ಲೋಟ ತೆಗೆಯಲು ಬಂದಿದ್ದ ನಾನು ಬಾಯಿ ತೆರೆದೆ. ಅಮ್ಮ ನನ್ನ ರಟ್ಟೆ ಹಿಡಿದು ಒಳಗೆ ಎಳೆದಳು. “ಚಪ್ಪರ ಹಾಕೈತೆ ಕಣೇ, ಬಾಯಿ ಮುಚ್ಚು.” ಮುಚ್ಚಿದೆ. ಹೊರಗೆ ಅಪ್ಪ ಮಹಜರಿಗೆ ರುಜು ಹಾಕಿದ. ಆಮೇಲೆ ಹೋಗಿ ಸರಿಪಡಿಸಿಕೊಂಡು ಬರುತ್ತೇನೆ ಎಂದು ನನಗೆ ಸಮಾಧಾನ ಹೇಳಿದ.

ಆ ‘ಆಮೇಲೆ’ ನೆನೆದರೆ ಈಗಲೂ ಮೈ ಉರಿಯುತ್ತದೆ. ಮದುವೆ ಮುಗಿಯಿತು, ಆಷಾಢ ಬಂತು. ಆಷಾಢ ಕಳೆಯಿತು, ಶ್ರಾವಣದಲ್ಲಿ ಆ ವಿಷಯ ಎತ್ತಬಾರದು. ಅಷ್ಟರಲ್ಲಿ ಅಕ್ಕ ಬಸುರಿ, ಬಸುರಿ ಹೆಂಗಸಿನ ಮುಂದೆ ಆಡಬಾರದು. ಕೂಸಿನ ನಾಮಕರಣ, ಚಿಕ್ಕಪ್ಪನ ಗೃಹಪ್ರವೇಶ. ಆ ಪದ ಆಡಬಹುದಾದ ಒಂದೇ ಒಂದು ದಿನ ನಮ್ಮ ಮನೆಗೆ ಬರಲಿಲ್ಲ. ನಾನು ನೆನಪಿಸಿದಾಗೆಲ್ಲ ಬಿಡ್ತು ಅನ್ನು ಎಂದರು.

ತೊಂಬತ್ತರ ದಶಕ ಅರ್ಧ ಮುಗಿಯುವ ಹೊತ್ತಿಗೆ ಆ ಜಾಗ ಹೊರಗಿನವರೊಬ್ಬರಿಗೆ ಮಂಜೂರಾಯಿತು. ಮುಳ್ಳುತಂತಿ ಬಂತು, ಹಿಪ್ಪುನೇರಳೆ ಕಡ್ಡಿ ನೆಟ್ಟರು. ತಾತನ ಕಲ್ಲನ್ನು ಕಿತ್ತು ಬದುವಿನ ಮೇಲೆ ಎಸೆದಿದ್ದರು. ಆಗ ಊರಿಗೆ ಊರೇ ಬೈಯಿತು, ಜಗಲಿ ಜಗಲಿಯಲ್ಲೂ ಬೈಯಿತು. ಕಚೇರಿಗೆ ಹೋಗಿ ಅದು ಏನಾಗಿತ್ತೆಂದು ಹೇಳುವವರು ಯಾರೂ ಇರಲಿಲ್ಲ. ಅಪ್ಪ ಆಗಲೇ ಹಾಸಿಗೆ ಹಿಡಿದಿದ್ದ. ಒಂದು ದಿನ ಅಮ್ಮನನ್ನು ಕರೆದು “ನನ್ನ ಜಾಗ ನೋಡ್ಕೊಂಡ್ ಬಾ” ಅಂದ.

ಅಮ್ಮ ಹಣೆಗೆ ಅಗಲವಾಗಿ ಕುಂಕುಮ ಇಟ್ಟುಕೊಂಡು ನನ್ನ ಜೊತೆ ಚಿಕ್ಕಬಳ್ಳಾಪುರದ ತಾಲ್ಲೂಕು ಕಚೇರಿಗೆ ಹೊರಟಳು. ಕೇಸ್ ವರ್ಕರ್ ತಲೆ ಎತ್ತದೆ ಕೇಳಿದ: “ಜಾಗ ಏನಕ್ಕಿತ್ತಮ್ಮ?”

ನಾನು ಹೇಳಬಹುದಿತ್ತು. ಅಷ್ಟು ವರ್ಷ ಬಾಯಿ ಮುಚ್ಚಿಸಿದವಳು ಅವಳೇ ಹೇಳಲಿ ಎಂಬ ಸಿಟ್ಟಿನಲ್ಲಿ ಸುಮ್ಮನೆ ನಿಂತೆ.

“ಸ್ಮಶಾನ” ಅಂದಳು ಅಮ್ಮ. ಗಂಡ ಇನ್ನೂ ಮನೆಯಲ್ಲಿ ಉಸಿರಾಡುತ್ತಿದ್ದ. ಅವಳ ಕೈ ತಾನಾಗಿ ತಾಳಿ ಹಿಡಿದುಕೊಂಡಿತು. “ನಮ್ಮ ಸ್ಮಶಾನ ಸ್ವಾಮಿ. ನಮ್ಮ ಯಜಮಾನ್ರಿಗೆ ಅಲ್ಲೇ ಬೇಕಂತೆ.”

ಆತ ಕಡತ ಹುಡುಕಿ ಒಂದು ಹಾಳೆ ತಿರುಗಿಸಿ ತೋರಿಸಿದ. “ಗೋಮಾಳ, ಮರಗಳಿವೆ, ಬೇರೆ ಬಳಕೆ ಇಲ್ಲ ಅಂತ ಬರ್ದೈತಲ್ಲಮ್ಮ. ಊರವರೇ ರುಜು ಹಾಕವ್ರೆ. ಇದ್ಯಾರದ್ದು?”

ಓದು ಬಾರದ ಅಮ್ಮನಿಗೂ ಆ ಒಂದು ರುಜುವಿನ ಗುರುತು ಸಿಕ್ಕಿತು. ಎರಡು ಸಲ ಅರ್ಜಿ ಕೊಟ್ಟೆವು. ಏನೂ ಆಗಲಿಲ್ಲ.

ಅಪ್ಪನನ್ನು ಪಟ್ಟಣದ ರುದ್ರಭೂಮಿಯಲ್ಲಿ, ಗುರುತಿಲ್ಲದವರ ನಡುವೆ ಮಣ್ಣು ಮಾಡಿದರು. ಗೇಟಿನ ಮೇಲೆ ಆಳೆತ್ತರದ ಅಕ್ಷರದಲ್ಲಿ ಹೆಸರು ಬರೆದಿತ್ತು. ನಾವಿಬ್ಬರೂ ಗೇಟಿನ ಹೊರಗೇ ನಿಂತೆವು. ಅಮ್ಮ ಆ ಅಕ್ಷರಗಳನ್ನೇ ನೋಡುತ್ತಿದ್ದವಳು ಮೆಲ್ಲಗೆ ಅಂದಳು:

“ಆವತ್ತು ನಿನ್ನ ಬಾಯಿ ಮುಚ್ಚಿಸ್ಬಾರ್ದಿತ್ತು ಕಣಮ್ಮ.”

ಮುಚ್ಚಿಕೊಂಡವಳು ನಾನೇ ಅಲ್ಲವೇ? ಆ ಮಾತು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.