ಕುರಿ ಕಾಯುವ ಗೇಮ್ ಯಾವ ವಿಭಾಗಕ್ಕೆ?

ಗೆಳೆಯರೇ, ದೇವದುರ್ಗದ ನನ್ನ ಗೆಳತಿ ರೇಣುಕಾ ತಾನೇ ಮಾಡಿದ ವಿಡಿಯೋ ಗೇಮನ್ನು ಇವತ್ತು ಸ್ಪರ್ಧೆಗೆ ಕಳಿಸಲೇಬೇಕಿತ್ತು. ಕೃಷ್ಣೆಯ ದಂಡೆಗುಂಟ ಕುರಿ ಕಾಯುವ ಆಟ. ಅರ್ಜಿಯಲ್ಲಿ ಒಂದೇ ವಿಭಾಗ ಆರಿಸಬೇಕು.

“ತೋಳಗಳ ಜೋಡಿ ಬಡಿದಾಟ ಅದಲ್ಲಾ, ಫೈಟಿಂಗ್ ಅಂತ ಹಾಕು,” ಎಂದ ಅವಳ ತಮ್ಮ.

“ಒಗಟು ಬಿಡಿಸದೇ ಹಳ್ಳ ದಾಟಾಕ ಬರಂಗಿಲ್ಲ ಲೇ, ಇದು ಪಜಲ್!” ಎಂದಳು ರೇಣುಕಾ.

ನಾನು ಪರದೆಯ ಮೇಲೆ ಮೋಡದಂತೆ ಸಾಗುವ ಕುರಿಗಳನ್ನೇ ನೋಡುತ್ತಿದ್ದೆ. ಕುರಿ ಮೇಯಿಸಲು ಹೊರಟಿದ್ದ ಅವರಪ್ಪ ಬಾಗಿಲಲ್ಲಿ ನಿಂತರು. “ನಮ್ಮ ಹಿಂಡಿನ ಮುಂದ ಆಡು ನಡೀತಾವು. ಆದ್ರೂ ಕುರಿ ಹಿಂಡು ಅಂತೀವಿ. ಯಾವುದು ಜಾಸ್ತಿ ಅದ, ಅದರ ಹೆಸರು ಇಡವ್ವಾ.”

“ಜಾಸ್ತಿ ಅಂದ್ರ ಸುಮ್ಮ ನಡಿಯೋದು, ಯಪ್ಪಾ,” ಎಂದಳು ರೇಣುಕಾ.

ಪಟ್ಟಿಯಲ್ಲಿ ನಡಿಗೆ ಇರಲಿಲ್ಲ. ರೇಣುಕಾ ‘ಇತರೆ’ ಒತ್ತಿದಳು. ಅವರಪ್ಪ ಎಳೆಬಿಸಿಲಿನಲ್ಲಿ ಹಿಂಡು ಹೊಡೆದುಕೊಂಡು ‘ಇತರೆ’ ವಿಭಾಗದೊಳಗೇ ನಡೆದುಹೋದರು.