ಕೋರಂ ಆಗದ ಅರ್ಧ ತಾಸು

ಆ ಭಾನುವಾರ ಕ್ಲಬ್‌ಹೌಸಿನ ಹಾಲಿನಲ್ಲಿ ನಾವು ಇದ್ದದ್ದು ಎಂಟೇ ಮಂದಿ. ಸೊಸೈಟಿಯ ಚೇರಮನ್ನರು, ಖಜಾಂಚಿ, ಪೇಪರು ಹಂಚಿಕೊಂಡು ಓದುತ್ತಿದ್ದ ನಾಲ್ವರು ಸದಸ್ಯರು, ಸೆಕ್ರೆಟರಿಯಾದ ನಾನು, ಮತ್ತು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಇಳಕಲ್ ಸೀರೆಯುಟ್ಟು ಕೂತ ನಾಲ್ಕನೇ ಮಹಡಿಯ ಅಕ್ಕನವರು. ಅವರನ್ನು ನಾನು ಎಣಿಸುತ್ತೇನೆ, ಸೊಸೈಟಿ ಎಣಿಸುವುದಿಲ್ಲ. ಫ್ಲ್ಯಾಟು ಮಗನ ಹೆಸರಿನಲ್ಲಿದೆ. ಭಾನುವಾರ ಮಗ ಮಲಗಿರುತ್ತಾನೆ, ತಾಯಿ ಬಂದು ಕೂಡುತ್ತಾರೆ. ಕೂಡಬಹುದು, ಕೈ ಎತ್ತುವ ಹಾಗಿಲ್ಲ.

ಇಂಥ ಸಭೆಗಳಿಗೊಂದು ಪದ್ಧತಿಯಿದೆ. ಬರಬೇಕಾದಷ್ಟು ಸದಸ್ಯರು ಬಾರದಿದ್ದರೆ ಕೋರಂ ಆಗಲಿಲ್ಲವೆಂದು ಸಭೆಯನ್ನು ಅರ್ಧ ತಾಸು ಮುಂದೂಡುತ್ತಾರೆ. ಆಮೇಲೆ ಎಷ್ಟು ಜನ ಇದ್ದರೂ ಸಭೆ ನಡೆಯುತ್ತದೆ. ನಮ್ಮಲ್ಲಿ ಕೋರಂ ಆದದ್ದನ್ನು ನಾನಂತೂ ಕಂಡಿಲ್ಲ. ಅಕ್ಕನವರು ಮೊದಲ ಸಲ ಬಂದಾಗ ಇದನ್ನೆಲ್ಲ ನೋಡಿ ನನ್ನನ್ನು ಕೇಳಿದ್ದರು:

“ಏನ್ರಿ ಸೆಕ್ರೆಟರಿ ಸಾಹೇಬ್ರ, ಆಗ ಸಾಲದ ಮಂದಿ ಈಗ ಹೆಂಗ ಸಾಲ್ತದ? ಅರ್ಧ ತಾಸಿನ್ಯಾಗ ನಾವೇನು ಮರಿ ಹಾಕೇವೇನ್ರಿ?”

ಚಹಾ ಕುಡಿಯುತ್ತಿದ್ದ ನನಗೆ ನೆತ್ತಿಗೇರಿತು. ಈ ಮರಾಠಿ ಊರಿನ ನಮ್ಮ ಕಟ್ಟಡದಲ್ಲಿ ಕನ್ನಡ ಮಾತಾಡುವವರು ಇನ್ನೊಬ್ಬರಿದ್ದಾರೆಂದು ಗೊತ್ತಾದದ್ದೇ ಆಗ.

ನನ್ನ ಕನ್ನಡ ಅಜ್ಜ ಅಜ್ಜಿಯ ಬಾಯಿಂದ ಬಂದದ್ದು. ಅಜ್ಜ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ. ಬೀದಿಯೆಲ್ಲ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಆ ಹಿರಿಯರು ಹೋದರು, ಕೊನೆಗೆ ಹೆಂಡತಿಯೂ ಹೋದಳು. ಆರನೇ ಮಹಡಿಯ ನನ್ನ ಮನೆಯಲ್ಲಿ ಈಗ ಕನ್ನಡ ಕೇಳಬೇಕಾದರೆ ನಾನೇ ಕುಕ್ಕರಿಗೆ ಬೈಯಬೇಕು. ಖಡಕಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿ ಬಂದ ಅಕ್ಕನವರಿಗೂ ಅದೇ ಕಥೆ. ಮೊಮ್ಮಕ್ಕಳಿಗೆ ಕನ್ನಡ ಬಾರದು.

ಹೀಗಾಗಿ ಪ್ರತಿ ಸಭೆಯ ಆ ಅರ್ಧ ತಾಸು ನಮ್ಮದಾಯಿತು. ನಾನು ಥರ್ಮಾಸಿನಲ್ಲಿ ಚಹಾ ಒಯ್ಯುತ್ತಿದ್ದೆ. “ಚಹಾ ಅಲ್ರಿ ಇದು, ಬಿಸಿನೀರಿಗೆ ಬಣ್ಣ ಹಚ್ಚೀರಿ” ಎನ್ನುತ್ತ ಎರಡು ಕಪ್ ಕುಡಿಯುತ್ತಿದ್ದರು. ಪುಂಡಿಪಲ್ಯದಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಒಂಟಿ ಗಂಡಸಿನ ಮನೆಗೆ ಅವರು ಬರುವ ಹಾಗಿರಲಿಲ್ಲ, ಸೊಸೆ ಇರುವ ಅವರ ಮನೆಯಲ್ಲಿ ನಾನು ಹೋಗಿ ಕೂಡುವ ಹಾಗಿರಲಿಲ್ಲ. ಸೊಸೈಟಿಯ ಕೆಲಸವೆಂದರೆ ಯಾರೂ ಏನೂ ಅನ್ನುವುದಿಲ್ಲ. ವರ್ಷಕ್ಕೊಂದು ಸಭೆ ಸಾಕಾಗುತ್ತಿದ್ದರೂ ನೀರಿನ ಟ್ಯಾಂಕರು, ಪಾರ್ಕಿಂಗು ಎಂದು ನಾನು ನೆಪ ಹುಡುಕಿ ಸಭೆ ಕರೆಯುತ್ತಿದ್ದೆ.

ಆ ಭಾನುವಾರದ ವಿಷಯ ಲಿಫ್ಟು. ಅದು ದಿನ ಬಿಟ್ಟು ದಿನ ಕೆಡುತ್ತಿತ್ತು. ರಿಪೇರಿಗೆ ದುಡ್ಡು ಸಾಲದು, ಮೇಂಟೆನೆನ್ಸ್ ಹೆಚ್ಚಿಸಲು ಯಾರೂ ಒಪ್ಪಲೊಲ್ಲರು. ಖಜಾಂಚಿಯವರು ದಾರಿ ಹುಡುಕಿಕೊಂಡು ಬಂದಿದ್ದರು: ಹಾಲನ್ನು ಡಾನ್ಸ್ ಕ್ಲಾಸಿನವರಿಗೆ ಬಾಡಿಗೆಗೆ ಕೊಡುವುದು. ಭಾನುವಾರವೂ ಅವರಿಗೇ. ಇನ್ನು ಮುಂದೆ ಸಭೆಗಳು ಮೊಬೈಲಿನಲ್ಲಿ.

ಚೇರಮನ್ನರು ಒಪ್ಪಿಗೆಯೇ ಎಂದು ಮರಾಠಿಯಲ್ಲಿ ಕೇಳಿದರು. ಆರು ಕೈ ಮೇಲೆದ್ದವು. ನಾನು ಬಾಗಿಲ ಕಡೆ ನೋಡಿದೆ. ಲಿಫ್ಟು ಬಂದ್ ಆಗಿದ್ದರಿಂದ ಆ ಬೆಳಿಗ್ಗೆ ಅಕ್ಕನವರು ನಾಲ್ಕು ಮಹಡಿಯನ್ನು ಮೆಟ್ಟಿಲ ಪಕ್ಕದ ಕಠಡಾ ಹಿಡಿದು ಇಳಿದಿದ್ದರು. ಇನ್ನೂ ಮಂಡಿ ನೀವಿಕೊಳ್ಳುತ್ತಿದ್ದರು.

“ಎತ್ರಿ ಕೈ” ಎಂದರು ಕನ್ನಡದಲ್ಲಿ. “ಮ್ಯಾಲಿಂದ ಇಳೀಲಿಕ್ಕೇ ಆಗಲಿಲ್ಲಂದ್ರ ಹಾಲ್ ಇದ್ದು ನನಗೇನು ಮಾಡೂದದ?”

“ಅಕ್ಕಾರ, ಆಮ್ಯಾಲೆ ಕೂಡೂದೆಲ್ಲಿ?”

“ಅದನ್ನ ನಿಮ್ಮ ಕೋರಮ್ಮಿಗೆ ಕೇಳ್ರಿ.”

ಎತ್ತಿದೆ.

ಲಿಫ್ಟು ರಿಪೇರಿಯಾಯಿತು. ಮೊಬೈಲಿನ ಮೊದಲ ಸಭೆಯಲ್ಲೂ ಕೋರಂ ಆಗಲಿಲ್ಲ. ಅರ್ಧ ತಾಸು ಬಿಡುವೆಂದು ಚೇರಮನ್ನರು ಹೇಳಿದ್ದೇ ತಡ, ಎಲ್ಲರ ಮುಖವೂ ಮಾಯವಾಗಿ ಕಪ್ಪು ಚೌಕಗಳು ಉಳಿದವು. ಚಹಾ ಮಾಡಿ ಥರ್ಮಾಸಿಗೆ ತುಂಬಿದ್ದೆ, ರೂಢಿ. ಅದನ್ನು ಹಿಡಿದು ಲಿಫ್ಟು ಹತ್ತಿದೆ. ನಾಲ್ಕನೇ ಮಹಡಿಯಲ್ಲಿ ಅದು ನಿಂತಿತು. ಇಳಕಲ್ ಸೀರೆ.

“ಮಗ ಮೊಬೈಲ್ ಹಚ್ಚಿಕೊಂಡು ಕುಂತಾನ. ಅರ್ಧ ತಾಸು ಬಿಟ್ಟಾರಂತಲ್ರಿ.”

“ಹೌದ್ರಿ.”

ಕೆಳಗೆ ಹಾಲಿನ ಬಾಗಿಲ ತುಂಬ ಮಕ್ಕಳ ಚಪ್ಪಲಿ. ಒಳಗೆ ಸ್ಪೀಕರು ಕುಣಿಸುತ್ತಿತ್ತು. ಕ್ಲಾಸಿಗೆ ಮಕ್ಕಳನ್ನು ಬಿಡಲು ಬಂದ ತಾಯಂದಿರು ಕಟ್ಟೆಯ ಮೇಲೆಲ್ಲ ಕೂತು ನಮ್ಮನ್ನೇ ನೋಡಿದರು. ಸ್ವಲ್ಪ ಹೊತ್ತು ನಿಂತೆವು. ಆ ಸದ್ದಿನಲ್ಲಿ ಅವರೇನೋ ಅಂದರು, ನನಗೆ ಕೇಳಿಸಲಿಲ್ಲ. ಮತ್ತೆ ಲಿಫ್ಟು ಹತ್ತಿದೆವು.

“ಭಾಳ ಲಗೂ ಹೋಗ್ತದಲ್ರಿ ಈಗ” ಎಂದರು ಅಕ್ಕನವರು, ಅಷ್ಟರಲ್ಲಿ ನಾಲ್ಕು ಬಂತು. “ಬರ್ತೀನ್ರಿ.”

ನಾನು ಆರಕ್ಕೆ ಹೋಗಿ ಮೊಬೈಲಿನ ಮುಂದೆ ಕೂತೆ. ಸಭೆ ಮತ್ತೆ ಶುರುವಾದಾಗ ನಾನು ಹಾಜರಿದ್ದೇನೆಂದು ಮರಾಠಿಯಲ್ಲಿ ಹೇಳಿದೆ.