ಕುಚ್ಚಿನ ದುಡ್ಡು

ಸುಮಾ, ನಿನ್ನ ಪಿಂಚಣಿ ಖಾತೆಯ ವಿಷಯದಲ್ಲಿ ನಾನು ನಿನಗೆ ಸುಳ್ಳು ಹೇಳಿದ್ದೇನೆ. ಒಂದು ಸಲವಲ್ಲ, ವರ್ಷಗಟ್ಟಲೆ. ಮೊನ್ನೆ ನಂದಿನಿ ಲೇಔಟ್‌ನಲ್ಲಿ, ನಿಮ್ಮಣ್ಣನ ಮನೆಯ ಗೃಹಪ್ರವೇಶದಲ್ಲಿ, ಎಲ್ಲರ ಮುಂದೆ ನೀನು ಹೇಳಿದೆಯಲ್ಲ — "ನಮ್ಮನೆಯವ್ರು ನೋಡ್ಕೊಂಡಿದ್ದಕ್ಕೇ ನನ್ನ ದುಡ್ಡು ಇಷ್ಟು ಬೆಳೀತು" ಅಂತ — ಅರ್ಧ ತಿಂದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದುಬಿಟ್ಟೆ.

ಸೀರೆಗಳಿಗೆ ಕುಚ್ಚು ಕಟ್ಟಿ, ಕತ್ತು ನೋಯಿಸಿಕೊಂಡು ನೀನು ಉಳಿಸಿದ ದುಡ್ಡು ಅದು. ಮುದುಕಿಯಾದ ಮೇಲೆ ಯಾರ ಮುಂದೆಯೂ ಕೈಚಾಚಬಾರದು ಎಂಬುದು ನಿನ್ನ ಹಟ. ಖಾತೆ ತೆರೆದು ವಿಜಯನಗರದ ಬ್ಯಾಂಕಿನಿಂದ ಹೊರಬರುವಾಗ ನೀನು ಕೇಳಿದೆ, "ರೀ, ಶೇರು ಗೀರು ಏನೂ ಇಲ್ಲ ತಾನೇ?"

"ಛೇ, ಎಲ್ಲಾ ಸರ್ಕಾರಿ ಸಾಲಪತ್ರ ಕಣೇ. ಅಲುಗಾಡಲ್ಲ" ಎಂದು ನಾನು ಹೇಳಿದೆ.

ಅಲುಗಾಡದ್ದು ನನ್ನ ದುಡ್ಡು, ಸುಮಾ. ಆಗತಾನೇ ಪೀಣ್ಯದ ನಮ್ಮ ಕಾರ್ಖಾನೆಯಲ್ಲೂ ಎಲ್ಲರಿಗೂ ಪಿಂಚಣಿ ಖಾತೆ ಮಾಡಿಸಿದ್ದರು. ದುಡ್ಡು ಎಲ್ಲಿ ಹಾಕಬೇಕೆಂದು ನಾವೇ ಆರಿಸಬೇಕಿತ್ತು. ಶೇರಿನಲ್ಲಿ ಏರಿಳಿತ ಜಾಸ್ತಿ, ಆದರೆ ದೀರ್ಘಕಾಲಕ್ಕೆ ಹೆಚ್ಚು ಬೆಳೆಯಬಹುದು. ಸಾಲಪತ್ರದಲ್ಲಿ ಭಯ ಕಡಿಮೆ, ಬೆಳೆಯುವುದೂ ನಿಧಾನ ಎಂದರು. ನನಗೋ ಆಸೆ, ಆದರೆ ನಾನು ಪುಕ್ಕಲ! ನನ್ನ ಸಂಬಳದ ದುಡ್ಡನ್ನೆಲ್ಲ ಸಾಲಪತ್ರಕ್ಕೆ ಹಾಕಿದೆ. ನಿನ್ನ ಅರ್ಜಿ ತುಂಬಿದವನೂ ನಾನೇ; ನಿನ್ನದರಲ್ಲಿ ಮುಕ್ಕಾಲು ಪಾಲನ್ನು ಶೇರಿಗೆ ಹಾಕಿದೆ — ಮೊದಲು ನಿನ್ನದರಲ್ಲಿ ನೋಡೋಣ ಅಂತ. ಹೌದು, ನಿನ್ನದರಲ್ಲಿ. ಇದನ್ನು ಬರೆಯುವಾಗ ನನಗೇ ಅಸಹ್ಯವಾಗುತ್ತಿದೆ.

ಲಾಕ್‌ಡೌನ್ ಬಂತು, ಶೇರು ಕುಸಿಯಿತು. ಕುಚ್ಚು ಕಟ್ಟಲು ನಿನಗೆ ಒಂದು ಸೀರೆಯೂ ಬರುತ್ತಿರಲಿಲ್ಲ. "ಹೋಗ್ಲಿ ಬಿಡಿ, ಪಿಂಚಣಿ ದುಡ್ಡಾದ್ರೂ ಭದ್ರವಾಗಿದೆಯಲ್ಲ" ಎಂದು ನೀನೇ ನನಗೆ ಸಮಾಧಾನ ಹೇಳಿದೆ. ನಾನು ತಲೆ ತಗ್ಗಿಸಿ ಹೂಂಗುಟ್ಟಿದೆ. ಆಗಲೇ ಹೇಳಬಹುದಿತ್ತು —

ಆಮೇಲೆ ಶೇರು ಚೇತರಿಸಿಕೊಂಡಿತು. ಇವತ್ತು ನಿನ್ನ ಖಾತೆ ನನ್ನದಕ್ಕಿಂತ ಚೆನ್ನಾಗಿ ಬೆಳೆದಿದೆ. ಅದರಲ್ಲಿ ನನ್ನ ಜಾಣತನವೇನೂ ಇಲ್ಲ. ಮುಳುಗಿಹೋಗಿದ್ದರೆ ಏನು ಹೇಳುತ್ತಿದ್ದೆನೋ — ಇನ್ನೊಂದು ಸುಳ್ಳು ಹೇಳುತ್ತಿದ್ದೆ, ಇನ್ನೇನು. ದುಡ್ಡು ಬೆಳೆದಿದ್ದಕ್ಕೆ ತಪ್ಪು ಸಣ್ಣದಾಗುವುದಿಲ್ಲ. ನಿನ್ನ ಮುಪ್ಪನ್ನು ನಿನ್ನನ್ನೇ ಕೇಳದೆ ಪಣಕ್ಕಿಟ್ಟೆ.

ಪಿಂಚಣಿ ಕೈಗೆ ಬರುವುದು ಅರವತ್ತಕ್ಕೆ; ನಿನಗೆ ಅರವತ್ತಾಗಲು ಇನ್ನೂ ವರ್ಷಗಳಿವೆ, ಅದೇ ನನಗೆ ಧೈರ್ಯ. ನಾಳೆ ಬ್ಯಾಂಕಿಗೆ ಹೋಗೋಣ. ಖಾತೆಗೆ ಕೊಟ್ಟಿರುವ ನನ್ನ ಮೊಬೈಲ್ ನಂಬರು ತೆಗೆಸಿ ನಿನ್ನದನ್ನು ಹಾಕಿಸೋಣ. ಶೇರಿನಲ್ಲೇ ಬಿಡುತ್ತೀಯೋ, ಎಲ್ಲವನ್ನೂ ಸಾಲಪತ್ರಕ್ಕೆ ತಿರುಗಿಸುತ್ತೀಯೋ, ನೀನೇ ಆರಿಸು. ಒಂದು ಸೀರೆಯ ಸೆರಗಿಗೆ ಯಾವ ಬಣ್ಣದ ದಾರ ಒಪ್ಪುತ್ತದೆಂದು ಅರ್ಧ ದಿನ ಯೋಚಿಸುವವಳು ನೀನು. ಇದನ್ನೂ ಚೆನ್ನಾಗಿಯೇ ಆರಿಸುತ್ತೀಯೆ. ಕೇಳಿದರೆ ಮಾತ್ರ ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ.

ಇಷ್ಟು ವರ್ಷ ನನ್ನ ಫೋನಿಗೆ ಬರುತ್ತಿದ್ದ ಓಟಿಪಿ ಇನ್ನು ನಿನ್ನ ಫೋನಿಗೆ ಬರುತ್ತದೆ. ಯಾರಿಗೂ ಹೇಳಬೇಡಿ ಎಂದು ಅದರಲ್ಲೇ ಬರೆದಿರುತ್ತದೆ. ನನಗೂ ಹೇಳಬೇಡ.